ನಡೆಸದ ಕುದುರೆ

ಬಾಳ್ಳುಪೇಟೆಯ ಸಮುದಾಯ ಭವನದಲ್ಲಿ ಆ ಟೂರ್ನಮೆಂಟು ನಡೆದದ್ದು ಕಾಫಿ ಕೊಯ್ಲು ಮುಗಿದ ಮೇಲೆ. ಕೊಯ್ಲು ನಡೆಯುವಾಗ ರೈಟರ್‌ಗೆ ಮೂರು ದಿನ ರಜಾ ಕೊಡುವ ಎಸ್ಟೇಟ್ ಯಜಮಾನ ನಮ್ಮ ಕಡೆ ಇನ್ನೂ ಹುಟ್ಟಿಲ್ಲ. ನಾನು ಕೆ. ಹೊಸಕೋಟೆ ಹತ್ತಿರದ ಒಂದು ಎಸ್ಟೇಟಿನಲ್ಲಿ ಮೂವತ್ತೊಂದು ವರ್ಷದಿಂದ ರೈಟರ್. ಬೆಳಗಾದರೆ ಆಳುಗಳ ಹಾಜರಿ ಹಿಡಿದು, ಯಾರು ಯಾವ ಕೆಲಸಕ್ಕೆ ಅಂತ ಹಂಚಿ, ಪುಸ್ತಕದಲ್ಲಿ ಬರೆಯುವುದು ನನ್ನ ಉದ್ಯೋಗ. ಚೆಸ್ ನನ್ನ ಹುಚ್ಚು. ಅಂತರರಾಷ್ಟ್ರೀಯ ರೇಟಿಂಗ್ ಪಟ್ಟಿಯಲ್ಲಿ ನನ್ನ ಹೆಸರಿದೆ ಅಂದರೆ ಲೈನುಮನೆಗಳ ಆಳುಗಳು ನಗುತ್ತಾರೆ. ಪಟ್ಟಿಯ ಯಾವ ಮೂಲೆಯಲ್ಲಿದೆ ಅಂತ ಹೇಳಲು ನಾನೂ ಹೋಗುವುದಿಲ್ಲ.

ಕೊನೆಯ ರೌಂಡಿನಲ್ಲಿ ನನಗೆ ಎದುರಾಳಿಯಾಗಿ ಬಿದ್ದವರು ಬಾಳ್ಳುಪೇಟೆಯವರೇ ಆದ ಒಬ್ಬ ಸಾವ್ಕಾರ್ರು. ಹೈವೇ ಪಕ್ಕದಲ್ಲಿ ಪೈಪು, ಪಂಪ್‌ಸೆಟ್ಟಿನ ಅಂಗಡಿ ಇಟ್ಟಿದ್ದಾರೆ. ಹಣೆ ತುಂಬ ವಿಭೂತಿ, ಜೇಬಿನಲ್ಲಿ ಎರಡು ಪೆನ್ನು, ತಲೆಯಲ್ಲಿ ಇಡೀ ನಿಯಮಾವಳಿ. ಅವರ ರೇಟಿಂಗಿಗೂ ನನ್ನದಕ್ಕೂ ಹತ್ತಿಪ್ಪತ್ತು ಪಾಯಿಂಟಿನ ವ್ಯತ್ಯಾಸ. ಒಮ್ಮೆ ಅವರು ಮೇಲೆ, ಒಮ್ಮೆ ನಾನು. ಸಕಲೇಶಪುರದಲ್ಲಿ ಒಂದು ಸಲ ಎದುರಿನವನ ಶರಟಿನ ತೋಳು ಕಾಲಾಳಿಗೆ ತಗುಲಿತು ಅಂತ ‘ಮುಟ್ಟಿದೀರ, ಅದನ್ನೇ ನಡ್ಸಿ’ ಎಂದು ಅರ್ಧ ಗಂಟೆ ಹಟ ಹಿಡಿದ ಪುಣ್ಯಾತ್ಮ ಅವರು. ಹದಿನೈದು ವರ್ಷದ ಪರಿಚಯ. ಅಂಗಡಿಗೆ ಹೋದರೆ ಕೂರಿಸಿ ಕಾಫಿ ಕೊಡುತ್ತಾರೆ. ಬೋರ್ಡಿನ ಮುಂದೆ ಕೂತರೆ ಮಾತ್ರ ನಾನು ಯಾರೋ, ಅವರು ಯಾರೋ.

ಬಿಳಿ ಕಾಯಿ ನನ್ನದಾಗಿತ್ತು. ಹತ್ತೊಂಬತ್ತನೆಯ ನಡೆಯ ಹೊತ್ತಿಗೆ ನನ್ನ ಆಟ ಚೆನ್ನಾಗಿಯೇ ಇತ್ತು. ಹನ್ನೆರಡು ನಿಮಿಷ ಯೋಚಿಸಿ, ಕುದುರೆಯನ್ನು ಅವರ ರಾಜನ ಕೋಟೆಯ ಬಾಗಿಲಿಗೇ ನೆಗೆಸುವ ಒಂದು ನಡೆ ಕಂಡುಹಿಡಿದೆ. ಖುಷಿಯಾಯಿತು. ಸ್ಕೋರ್ ಶೀಟಿನಲ್ಲಿ ಆ ನಡೆಯನ್ನು ದುಂಡಗೆ ಬರೆದೆ, ಅವರ ಸಮಯ ಓಡಲಿ ಅಂತ ಗಡಿಯಾರದ ನನ್ನ ಕಡೆಯ ಗುಂಡಿ ಒತ್ತಿದೆ, ಕುರ್ಚಿಗೆ ಒರಗಿ ನೀರು ಕುಡಿದೆ. ಸಾವ್ಕಾರ್ರು ಬೋರ್ಡು ನೋಡಲಿಲ್ಲ. ನನ್ನ ಮುಖ ನೋಡಿದರು. ಆಮೇಲೆ ಕೈ ಎತ್ತಿ, ತೀರ್ಪು ಹೇಳುವ ಆರ್ಬಿಟರ್ ಹುಡುಗಿಯನ್ನು ಕರೆದರು.

ಏನು ತಗಾದೆ ತೆಗೆದರಪ್ಪಾ ಈ ಮನುಷ್ಯ ಅಂತ ನನಗೆ ರೇಗಿತು.

“ಇವ್ರು ನಡೆ ಮಾಡ್ದೇನೇ ಗುಂಡಿ ಒತ್ತವ್ರೆ, ಮೇಡಂ,” ಅಂದರು ಸಾವ್ಕಾರ್ರು.

ನಾನು ನಕ್ಕೆ. “ಕಣ್ಣು ಕಾಣಲ್ವಾ ಸಾವ್ಕಾರ್ರೇ? ಕುದುರೆ ನಡ್ಸಿದೀನಲ್ರೀ, ಇಲ್ಲೈತಲ್ಲ,” ಎಂದು ಬೆರಳಿಟ್ಟು ತೋರಿಸಿದೆ. ಬೆರಳು ಖಾಲಿ ಮನೆಯ ಮೇಲೆ ಕೂತಿತ್ತು. ಕುದುರೆ ಎರಡು ಸಾಲು ಹಿಂದೆ, ಮೊದಲಿದ್ದ ಜಾಗದಲ್ಲೇ ನಿಂತಿತ್ತು.

ನಡೆ ತಪ್ಪುವುದು ಬೇರೆ, ಕಾಯಿ ಕಳಕೊಳ್ಳುವುದು ಬೇರೆ. ಅವೆಲ್ಲ ನನಗೆ ಅಭ್ಯಾಸವಾಗಿವೆ. ಇದು ಹಾಗಲ್ಲ. ಕುದುರೆಯ ಕಿವಿ ಹಿಡಿದು ಎತ್ತಿದ್ದು, ಮರದ ತಳ ಬೋರ್ಡಿಗೆ ತಾಗಿದ ಸಣ್ಣ ಶಬ್ದ, ಎಲ್ಲ ನನಗೆ ನೆನಪಿತ್ತು. ನಡೆಯದೇ ಇದ್ದದ್ದು ನೆನಪಿತ್ತು.

ನಮ್ಮ ತಾಯಿಗೆ ಕಾಯಿಲೆ ಶುರುವಾದದ್ದು ಸರಿಯಾಗಿ ಹೀಗೆಯೇ. ಮೊದಮೊದಲು ಆಕೆ ಏನನ್ನೂ ಮರೆಯುತ್ತಿರಲಿಲ್ಲ. ಮಾಡಬೇಕು ಅಂದುಕೊಂಡದ್ದನ್ನು ಮಾಡಿಯೇ ಆಯಿತು ಅನ್ನುತ್ತಿದ್ದಳು, ಅಷ್ಟೇ. ಹಾಲು ಕಾಸಿದೆ ಅನ್ನುವಳು. ಪಾತ್ರೆ ಉರಿಯಿಲ್ಲದ ಒಲೆಯ ಮೇಲೆ ತಣ್ಣಗೆ ಕೂತಿರುತ್ತಿತ್ತು. ದನಕ್ಕೆ ನೀರು ಕೊಟ್ಟೆ ಅನ್ನುವಳು, ಬಕೆಟ್ಟು ಭಾರ ಇತ್ತು ಕಣೋ ಅಂತ ಭುಜ ಬೇರೆ ನೀವಿಕೊಳ್ಳುವಳು, ಬಕೆಟ್ಟು ಒಣಗಿರುತ್ತಿತ್ತು. ಇಲ್ಲ ಅಂದರೆ ಆಣೆ ಹಾಕಿ ಅಳುತ್ತಿದ್ದಳು. ನಾವು ವಯಸ್ಸಾಯಿತು ಅಂದುಕೊಂಡೆವು. ಎರಡು ವರ್ಷ ಕಳೆದ ಮೇಲೆ ಒಂದು ದಿನ ನನ್ನನ್ನೇ ಜಗಲಿಯಲ್ಲಿ ನಿಲ್ಲಿಸಿ, “ರೈಟ್ರೇ, ನಮ್ ಹುಡುಗ ಎಲ್ಲಿ ಹೋದ, ಕಂಡ್ರಾ?” ಅಂತ ಕೇಳಿದಳು.

ಆರು ವರ್ಷ ಅವಳನ್ನು ನೋಡಿಕೊಂಡವಳು ನನ್ನ ಹೆಂಡತಿ. ಉಣ್ಣಿಸಿದ್ದು, ತೊಳೆದದ್ದು, ಬೈಸಿಕೊಂಡದ್ದು, ಗೇಟು ದಾಟಿ ಹೋದವಳನ್ನು ತೋಟದಲ್ಲೆಲ್ಲ ಹುಡುಕಿ ಕೈಹಿಡಿದು ಕರೆತಂದದ್ದು, ಎಲ್ಲ ಅವಳೇ. ಅಮ್ಮ ಹೋದ ಮೇಲೆ ಅವಳು ಒಂದು ತಿಂಗಳು ಹಗಲೆಲ್ಲ ನಿದ್ದೆ ಮಾಡಿದಳು. ಹಾಸನದ ಡಾಕ್ಟರು ‘ಕೆಲವು ಮನೆತನಗಳಲ್ಲಿ ಇದು ಮಕ್ಕಳಿಗೂ ಬರಬಹುದು’ ಅಂದಿದ್ದರು. ಆ ಮಾತು ಕೇಳಿದ್ದು ನಾನೊಬ್ಬನೇ, ಮನೆಯಲ್ಲಿ ಹೇಳಲಿಲ್ಲ. ಇನ್ನೊಮ್ಮೆ ಅದೇ ಚಾಕರಿಗೆ ಅವಳನ್ನು ಹಚ್ಚುವುದಕ್ಕಿಂತ ನಾನು ಸತ್ತರೆ ವಾಸಿ ಅಂತ ಎಷ್ಟೋ ಸಲ ಅನ್ನಿಸಿದೆ.

ಆರ್ಬಿಟರ್ ಹುಡುಗಿ ಗಡಿಯಾರ ನಿಲ್ಲಿಸಿ, ಸಾವ್ಕಾರ್ರಿಗೆ ಎರಡು ನಿಮಿಷ ಹೆಚ್ಚಿಗೆ ಕೊಟ್ಟಳು. ನಡೆಸುವ ಮುಂಚೆ ಬರೆಯಬಾರದು ಅಂತಲೂ ನೆನಪಿಸಿದಳು. “ಇನ್ನೊಂದ್ ಸಲ ಹಿಂಗಾದ್ರೆ ಗೇಮ್ ಹೋಗುತ್ತೆ ಸಾರ್,” ಅಂದಳು, ಮೆಲ್ಲಗೆ, ಮೇಷ್ಟ್ರಿಗೆ ಹೇಳುವ ಹಾಗೆ. ಗೇಮು ಹೋದರೆ ಹೋಗಲಿ ತಾಯಿ ಅಂತ ಮನಸ್ಸಿನಲ್ಲೇ ಅಂದೆ. ಕುದುರೆಯನ್ನು ಎತ್ತಿ ಇಟ್ಟೆ. ಇಟ್ಟ ಮೇಲೆ ಮತ್ತೆ ನೋಡಿದೆ. ಇತ್ತು.

ಸಾವ್ಕಾರ್ರು ಯೋಚನೆಗೆ ಕೂತರು. ನನಗೆ ಆಟದ ಕಡೆ ಗಮನವೇ ಇಲ್ಲ; ನನ್ನ ಪರವಾಗಿ ನಾನೇ ವಕಾಲತ್ತು ಶುರುಮಾಡಿದೆ. ಇದು ಕಾಯಿಲೆಯಲ್ಲ, ರೈಟರ್ ಕೆಲಸದ ಚಾಳಿ. ಬೆಳಿಗ್ಗೆ ಏಳೂವರೆಗೆ ಸ್ಟೋರ್ ಮುಂದೆ ಆಳುಗಳನ್ನು ನಿಲ್ಲಿಸಿಕೊಂಡು ಇಂಥವರು ಕಳೆಗೆ, ಇಂಥವರು ಗೊಬ್ಬರಕ್ಕೆ, ಇಂಥವರು ಚಿಗುರು ತೆಗೆಯುವುದಕ್ಕೆ ಅಂತ ಪುಸ್ತಕದಲ್ಲಿ ಬರೆದುಬಿಡುತ್ತೇನೆ. ಬರೆದಾಯಿತು ಅಂದರೆ ನನ್ನ ಮಟ್ಟಿಗೆ ಕೆಲಸವಾದ ಹಾಗೆಯೇ. ಯಜಮಾನರು ಫೋನು ಮಾಡಿ ಮೇಲಿನ ಬ್ಲಾಕಿನ ಕಳೆ ಆಯ್ತಾ ರೈಟ್ರೇ ಅಂತ ಕೇಳಿದರೆ, ಪುಸ್ತಕ ನೋಡಿ ‘ಆಯ್ತು ಸಾರ್’ ಅನ್ನುತ್ತೇನೆ. ಹೆಂಗಸರು ಆಗಿನ್ನೂ ಹಳ್ಳ ದಾಟುತ್ತಾ ಇರುತ್ತಾರೆ. ಸುಳ್ಳು ಹೇಳಿದೆ ಅಂತ ಒಂದು ದಿನವೂ ಅನ್ನಿಸಿಲ್ಲ. ನನಗೆ ಗೊತ್ತಿರುವ ರೈಟರ್‌ಗಳೆಲ್ಲ ಹಾಗೆಯೇ. ಮೂವತ್ತೊಂದು ವರ್ಷ ಮೊದಲು ಬರೆದು ಆಮೇಲೆ ಮಾಡಿಸಿದ ಕೈ, ಇವತ್ತು ಕುದುರೆಯನ್ನೂ ಹಾಗೆಯೇ ಬರೆದು ಸುಮ್ಮನಾಗಿದೆ.

ಈ ವಾದ ನನಗೆ ಬಹಳ ಹಿಡಿಸಿತು. ಅದಕ್ಕೇ ಒಂದು ಪರೀಕ್ಷೆ ಇಟ್ಟುಕೊಂಡೆ. ಇನ್ನು ಮೇಲೆ ಬರೆಯುವುದು ಕೊನೆಗೆ. ಮೊದಲು ಕೈ, ಆಮೇಲೆ ಕಣ್ಣು, ಆಮೇಲೆ ಗುಂಡಿ, ಎಲ್ಲ ಆದ ಮೇಲೆ ಪೆನ್ನು. ಈ ಆಟ ಮುಗಿಯುವ ತನಕ ಮತ್ತೆ ಹಾಗಾಗದಿದ್ದರೆ ಅದು ಚಾಳಿ. ಪೆನ್ನು ಮುಟ್ಟದೆಯೂ ಆಯಿತೋ, ಅಮ್ಮನದೇ.

ಅಲ್ಲಿಂದ ಮುಂದೆ ನಾನು ಆಡಿದ್ದು ಚೆಸ್ಸಲ್ಲ. ಪ್ರತಿ ನಡೆಗೂ ಬಾಯೊಳಗೇ ‘ಕೈ, ಕಣ್ಣು, ಗುಂಡಿ, ಪೆನ್ನು’ ಅಂತ ಹೇಳಿಕೊಂಡೆ. ಪಕ್ಕದ ಬೋರ್ಡಿನ ಹತ್ತು ವರ್ಷದ ಪೋರಿ ನನ್ನ ತುಟಿ ನೋಡಿ ಕಿಸಕ್ಕನೆ ನಕ್ಕಳು. ಹೊರಗೆ ಲಾರಿಗಳು ಹಾರನ್ನು ಬಾರಿಸಿಕೊಂಡು ಹೋಗುತ್ತಿದ್ದವು. ಸಾವ್ಕಾರ್ರು ಯೋಚನೆ ಮಾಡುವಾಗಲೆಲ್ಲ ನನಗೆ ಪುರುಸೊತ್ತು ಸಿಗುತ್ತಿತ್ತು, ಪುರುಸೊತ್ತು ಸಿಕ್ಕರೆ ಹೆದರಿಕೆ ಬರುತ್ತಿತ್ತು. ಹೋದ ತಿಂಗಳು ಸ್ಟೋರಿನ ಬೀಗ ಹಾಕಿದೆ ಅಂತ ಮನೆಗೆ ಹೋಗಿ, ಬೆಳಿಗ್ಗೆ ಬಂದರೆ ಬಾಗಿಲು ಹಾರು ಹೊಡೆದಿತ್ತು. ಹಾಜರಿ ಹಿಡಿಯುವಾಗ ಒಂದು ದಿನ, ಲೈನು ಬಿಟ್ಟು ಹೋಗಿ ನಾಲ್ಕು ವರ್ಷವಾಗಿದ್ದ ಹೆಂಗಸಿನ ಹೆಸರು ಕೂಗಿದ್ದೆ. ಎಲ್ಲರೂ ನಕ್ಕರು. ನಾನೂ ಬೇಕೆಂದೇ ಕೂಗಿದವನ ಹಾಗೆ ನಕ್ಕಿದ್ದೆ. ಆಗ ಇವೆಲ್ಲ ಬಿಡಿಬಿಡಿಯಾಗಿದ್ದವು. ಆ ಕುರ್ಚಿಯ ಮೇಲೆ ಕೂತಾಗ ಒಂದರ ಪಕ್ಕ ಒಂದು ಬಂದು ಕೂತವು.

ಹೀಗೆ ಹದಿನೈದು ನಡೆ ದಾಟಿದವು. ಒಂದರಲ್ಲೂ ತಪ್ಪಲಿಲ್ಲ. ಎದೆ ಸ್ವಲ್ಪ ಹಗುರಾಯಿತು. ಅಷ್ಟರಲ್ಲಿ ಆಟವೂ ನನ್ನ ಕಡೆಗೆ ವಾಲಿತ್ತು. ಸಾವ್ಕಾರ್ರ ರಾಜ ಮೂಲೆ ಸೇರಿದ್ದ. ನನ್ನ ಗಡಿಯಾರದಲ್ಲಿ ಮೂರು ನಿಮಿಷ ಉಳಿದಿತ್ತು. ಮಂತ್ರಿಯನ್ನು ನೇರ ಆ ಮೂಲೆಗೆ ಇಳಿಸಿದರೆ ಅವರಿಗೆ ದಾರಿಯೇ ಇರಲಿಲ್ಲ. ಲೆಕ್ಕ ಹಾಕಿದೆ, ಇನ್ನೊಮ್ಮೆ ಹಾಕಿದೆ. ಗೆದ್ದೆ ಅಂತ ಖಾತ್ರಿಯಾಯಿತು. ಗುಂಡಿ ಒತ್ತಿದೆ.

ಗುಂಡಿ ಇಳಿಯಲಿಲ್ಲ. ಜೋರಾಗಿ ಒತ್ತಿದೆ. ಆಗಲೂ ಇಳಿಯಲಿಲ್ಲ. ನೋಡಿದರೆ ಆ ಕಡೆಯ ಗುಂಡಿಯನ್ನು ಸಾವ್ಕಾರ್ರು ಹೆಬ್ಬೆರಳಿನಿಂದ ಅದುಮಿ ಹಿಡಿದಿದ್ದರು. ಗಡಿಯಾರದ ಮೇಲೆ ಹೀಗೆ ಬೆರಳಿಟ್ಟು ಕೂರುವುದು ನಿಯಮಕ್ಕೆ ವಿರುದ್ಧ ಅಂತ ಈ ಜಿಲ್ಲೆಗೆಲ್ಲ ಪಾಠ ಹೇಳಿದ ಮನುಷ್ಯ! ನನಗೆ ಉರಿದುಹೋಯಿತು.

“ಬೆರಳು ತೆಗೀರಿ ಸಾವ್ಕಾರ್ರೇ,” ಅಂದೆ, ಹಲ್ಲು ಕಚ್ಚಿ.

ಅವರ ಕಣ್ಣು ಬೋರ್ಡಿನ ಮೇಲಿತ್ತು. ನಾನೂ ಅಲ್ಲಿಗೆ ನೋಡಿದೆ. ನನ್ನ ಮಂತ್ರಿ ಹೊರಟೇ ಇರಲಿಲ್ಲ.

ಪೆನ್ನು ಮೇಜಿನ ಮೇಲೆ ಮುಚ್ಚಳ ಹಾಕಿದ ಹಾಗೆಯೇ ಇತ್ತು. ನಾನು ಏನೂ ಬರೆದಿರಲಿಲ್ಲ. ನನ್ನ ವಕಾಲತ್ತು ಅಲ್ಲಿಗೆ ಮುಗಿಯಿತು. ಆರ್ಬಿಟರ್ ಹುಡುಗಿ ಮೂಲೆಯ ಬೋರ್ಡಿನ ಹತ್ತಿರ ನಿಂತಿದ್ದಳು; ಬೇರೆ ಯಾರೂ ನೋಡಿರಲಿಲ್ಲ. ಎರಡೂ ಕೈಯಲ್ಲಿ ಹಿಡಿದಂತೆ ಮಂತ್ರಿಯನ್ನು ಎತ್ತಿ ಮೂಲೆಗೆ ಇಟ್ಟೆ. ಆಗ ಸಾವ್ಕಾರ್ರು ಹೆಬ್ಬೆರಳು ತೆಗೆದರು. ಮೂರು ನಡೆ ಆದ ಮೇಲೆ ಸೋಲೊಪ್ಪಿಕೊಂಡು ಕೈ ಚಾಚಿದರು. ಅವರ ಕೈ ಬೆಚ್ಚಗಿತ್ತು.

ಗೆದ್ದವನು ನಾನು. ಗೆದ್ದ ಕಾಗದಕ್ಕೆ ಸಹಿ ಹಾಕುವಾಗ ನನ್ನ ಸಹಿ ನನಗೇ ಗುರುತು ಸಿಗದಷ್ಟು ಸೊಟ್ಟಗಿತ್ತು. ಅವರು ನನ್ನ ಗುಂಡಿ ಇಳಿಯಲು ಬಿಟ್ಟು, ಸುಮ್ಮನೆ ಕೈ ಎತ್ತಿದ್ದರೆ ಆಟ ಅವರದಾಗುತ್ತಿತ್ತು, ನಾನು ಹೊರಗೆ ಬಂದು ಅವರ ವಂಶವನ್ನೆಲ್ಲ ಬೈದು ಬಸ್ಸು ಹತ್ತುತ್ತಿದ್ದೆ. ಅರ್ಧ ಪಾಯಿಂಟಿಗೆ ಅರ್ಧ ಗಂಟೆ ಜಗಳವಾಡುವ ಮನುಷ್ಯ ನನಗೋಸ್ಕರ ಇಡೀ ಆಟ ಬಿಟ್ಟುಕೊಟ್ಟಿದ್ದ. ಗಟ್ಟಿಯಾಗಿರುವವನಿಗೆ ಯಾರೂ ಹೀಗೆ ಬಿಟ್ಟುಕೊಡುವುದಿಲ್ಲ. ನನಗೆ ಭಯ ಹುಟ್ಟಿಸಿದ್ದು ಅದು.

ಭವನದ ಎದುರಿನ ಟೀ ಅಂಗಡಿಗೆ ಅವರೇ ಕರೆದುಕೊಂಡು ಹೋದರು. ಇಬ್ಬರೂ ಬೆಂಚಿನ ಮೇಲೆ ಕೂತೆವು. ಟೀ ಬಂತು. ಅವರು ಲೋಟ ಮುಟ್ಟಲಿಲ್ಲ.

“ಯಾಕ್ ಹಂಗ್ ಮಾಡುದ್ರಿ?” ಅಂದೆ. “ಕನಿಕರನಾ?”

“ಕನಿಕರ ಎಂತದು ಮಾರಾಯ್ರೆ. ಮನ್ಸು ಬರ್ಲಿಲ್ಲ, ಅಷ್ಟೇಯ.”

“ನಂಗೇನೂ ಆಗಿಲ್ಲ ಕಣ್ರೀ. ನಿದ್ದೆಗೆಟ್ಟಿದ್ದೆ ಅಷ್ಟೇ. ನಾವಿಬ್ರೂ ಆಡಿರೋ ಒಂಬತ್ತು ಆಟಾನೂ ಇಲ್ಲೇ ಕೂತ್ಕಂಡು ಮೊದ್ಲಿಂದ ಕೊನೇ ತನಕ ಹೇಳ್ಲಾ? ಇವತ್ತಿನದು ಹತ್ತನೇದು.”

ಸಾವ್ಕಾರ್ರು ಲೋಟವನ್ನು ಬೆಂಚಿನ ಮೇಲೆ ಸ್ವಲ್ಪ ಆಚೆಗೆ ಸರಿಸಿದರು. “ಹನ್ನೊಂದನೇದು,” ಅಂದರು.

“ಹತ್ತು.”

“ಹಾಸನದ್ದು?”

“ಹಾಸನದಲ್ಲಿ ನಮ್ಮಿಬ್ರಿಗೆ ಜೋಡಿ ಬೀಳ್ಲೇ ಇಲ್ಲ. ನೀವೆಲ್ಲೋ ನಾನೆಲ್ಲೋ.”

“ಬಿತ್ತು ರೈಟ್ರೇ,” ಅಂದರು ಅವರು, ನನ್ನ ಮುಖ ನೋಡದೆ. “ಮೊನ್ನೆ ದಸರಾ ಆದ್ಮೇಲೆ. ನಾಕ್ನೇ ರೌಂಡು. ಮೂರ್ ಗಂಟೆ ಆಡುದ್ವಿ. ಡ್ರಾ ಆಯ್ತು. ನೀವೇ ಕೇಳುದ್ರಿ, ನಾನು ಒಪ್ಪುದೆ. ಇವತ್ತು ಬೆಳಿಗ್ಗೆ ಕೂತ್ಕಳ್ವಾಗ ನೀವು, ‘ನಿಮ್ ಜೊತೆ ಆಡಿ ಎರಡ್ ವರ್ಷ ಆಗೋಯ್ತು’ ಅಂದ್ರಲ್ಲ, ನಂಗೆ ಅವಾಗ್ಲೇ ಏನೋ ಒಂಥರಾ ಆಗೋಯ್ತು. ತಮಾಸೆಗೆ ಅಂದ್ರು ಅಂದ್ಕಂಡೆ. ಕುದುರೆದು ಆಯ್ತು. ಎಚ್ಚರ ಆಗ್ಲಿ ಅಂತ ಮೇಡಂನ ಕರುದೆ. ಮತ್ತೆ ಮಂತ್ರಿದೂ ಆದಾಗ...”

ನಾನು ಎದ್ದು ನಿಂತೆ. ನಿಮಗೇ ಅರಳುಮರಳು ಅಂತಲೋ ಏನೋ ಅಂದೆ. ಅಂದದ್ದಕ್ಕೆ ಈಗ ನಾಚಿಕೆಯಾಗುತ್ತದೆ. ಅವರು ಬಸ್ಸು ಬರುವ ತನಕ ನನ್ನ ಪಕ್ಕದಲ್ಲೇ ನಿಂತಿದ್ದರು. ಬಸ್ಸು ಹತ್ತಿದ ಮೇಲೆ ಕಂಡಕ್ಟರಿಗೆ ನಾನು ಇಳಿಯುವ ಸ್ಟಾಪು ಯಾವುದು ಅಂತ ಅವರೇ ಹೇಳುತ್ತಿದ್ದುದು ಕಿಟಕಿಯಿಂದ ಕೇಳಿಸಿತು. ಮೂವತ್ತೊಂದು ವರ್ಷದಿಂದ ನಾನು ಇಳಿಯುತ್ತಿರುವ ಸ್ಟಾಪು ಅದು.

ದಾರಿಯುದ್ದಕ್ಕೂ ಹಾಸನವನ್ನು ನೆನೆಸಿಕೊಂಡೆ. ಆ ಸಭಾಂಗಣ ನೆನಪಿತ್ತು, ನೀಲಿ ಕುರ್ಚಿಗಳು ನೆನಪಿದ್ದವು, ಮಧ್ಯಾಹ್ನದ ಚಿತ್ರಾನ್ನಕ್ಕೆ ಉಪ್ಪು ಕಮ್ಮಿಯಾಗಿತ್ತು ಅನ್ನುವುದೂ ನೆನಪಿತ್ತು. ಮೊದಲ ಮೂರು ರೌಂಡು ನೆನಪಿದ್ದವು, ಐದನೆಯದೂ ನೆನಪಿತ್ತು. ನಾಲ್ಕನೆಯದರ ಜಾಗದಲ್ಲಿ ಏನೂ ಇರಲಿಲ್ಲ. ಅಲ್ಲೊಂದು ಜಾಗ ಖಾಲಿಯಿದೆ ಅಂತ ಕೂಡ ನನಗೆ ಇಲ್ಲಿಯ ತನಕ ಗೊತ್ತಿರಲಿಲ್ಲ. ಸಾವ್ಕಾರ್ರು ಸುಳ್ಳು ಹೇಳಿರಲಿ ಅಂತ ದೇವರಲ್ಲಿ ಬೇಡಿಕೊಂಡೆ. ಅವರು ಸುಳ್ಳು ಹೇಳುವವರಲ್ಲ ಅನ್ನುವುದೂ ನನಗೆ ಗೊತ್ತಿತ್ತು.

ಮನೆ ಸೇರಿದಾಗ ಇನ್ನೂ ಬಿಸಿಲಿತ್ತು. ಹೆಂಡತಿ ಅಂಗಳದಲ್ಲಿ ಚಾಪೆಯ ಮೇಲೆ ಒಣಗಿದ ಹಲಸಿನ ಹಪ್ಪಳ ಎತ್ತುತ್ತಿದ್ದಳು. ನಾನು ಚಪ್ಪಲಿಯನ್ನೂ ಬಿಡದೆ ಒಳಗೆ ಹೋಗಿ ಬೀರು ತೆಗೆದೆ. ಹಳೆಯ ಸ್ಕೋರ್ ಶೀಟುಗಳನ್ನು ಕಟ್ಟಿ ಇಟ್ಟಿರುತ್ತೇನೆ. ಹಾಸನದ ಕಟ್ಟು ಬಿಚ್ಚಿ ಒಂದೊಂದೇ ತಿರುವಿದೆ. ನಾಲ್ಕನೆಯದು ಇತ್ತು. ಎದುರಾಳಿಯ ಜಾಗದಲ್ಲಿ ಸಾವ್ಕಾರ್ರ ಹೆಸರು, ಕೆಳಗೆ ಇಬ್ಬರ ಸಹಿ, ನಡುವೆ ನನ್ನ ಅಕ್ಷರದಲ್ಲಿ ಐವತ್ತೆಂಟು ನಡೆ. ಬೋರ್ಡು ಹಾಸಿ, ನೆಲದ ಮೇಲೆ ಕೂತು, ಕಾಗದ ನೋಡಿಕೊಂಡು ಆಡುತ್ತಾ ಹೋದೆ. ಈ ನಡೆ ಬಂದಾಗ ನೆನಪಾಗುತ್ತೆ, ಮುಂದಿನದರಲ್ಲಿ ನೆನಪಾಗುತ್ತೆ ಅಂತ ಇಪ್ಪತ್ತು ನಡೆ ಆಡಿದೆ. ಯಾರೋ ಇಬ್ಬರು ಆಡಿದ ಆಟ. ಬಿಳಿಯವನು ಒಂದು ಕಡೆ ಬಹಳ ಜಾಣತನದಿಂದ ಪಾರಾಗಿದ್ದ. ಆ ಬಿಳಿಯವನು ನಾನು.

ಮುಂದೆ ಆಡಲಾಗಲಿಲ್ಲ. ಕಾಗದ ಹಿಡಿದುಕೊಂಡು ಅಂಗಳಕ್ಕೆ ಬಂದು ಚಾಪೆಯ ಅಂಚಿನಲ್ಲಿ ಕೂತೆ. ಹೇಳಿಬಿಡಬೇಕು ಅಂತಲೇ ಬಂದಿದ್ದೆ.

“ಗೆದ್ರಾ?” ಅಂದಳು ಅವಳು.

“ಗೆದ್ದೆ. ಸಾವ್ಕಾರ್ರ ಮೇಲೆ.”

“ಒಳ್ಳೇದಾಯ್ತು ಬಿಡಿ. ಹಾಸನದಲ್ಲಿ ಪಾಪ ಗೆಲ್ಲೋದು ತಪ್ಪೋಗಿತ್ತಲ್ಲ.”

ನಾನು ಅವಳನ್ನೇ ನೋಡಿದೆ. ಅವಳಿಗೆ ಚೆಸ್ಸಿನ ಗಂಧವಿಲ್ಲ.

“ನಿಂಗೆ ನೆನಪೈತಾ ಅದು?”

“ನೆನಪಿಲ್ದೆ ಏನು? ಅವತ್ತು ಬಂದೋರು ಕಾಲೂ ತೊಳೀದೆ ಒಂದ್ ಗಂಟೆ ಅದುನ್ನೇ ಹೇಳುದ್ರಿ. ನಾನು ರೊಟ್ಟಿ ತಟ್ತಾ ಹೂಂಗುಟ್ತಿದ್ದೆ. ಸಾವ್ಕಾರ್ರು ಬುಡದಲ್ಲೇ ನಿಮ್ದೊಂದ್ ಒಂಟೆ ಹೊಡ್ಕಂಡ್‌ಬುಟ್ರು, ಇನ್ನೇನ್ ಸೋತೆ ಅಂದ್ಕಂಡೆ ಅಂದ್ರಿ. ಆಮೇಲೆ ರಾಜನ್ನ ನೀವೇ ನಡುಮಧ್ಯಕ್ಕೆ ನುಗ್ಗುಸುದ್ರಂತೆ. ಸಾವ್ಕಾರ್ರು ಕನ್ನಡಕ ತೆಗ್ದು ಒರೆಸ್ಕಂಡ್ರು ಅಂತ ನಗ್ತಾ ಇದ್ರಿ.”

ಅವಳು ಒಂದು ಹಪ್ಪಳ ಎತ್ತಿ, ಬೆಳಕಿಗೆ ಹಿಡಿದು ನೋಡಿ, ಬುಟ್ಟಿಗೆ ಹಾಕಿದಳು. ನಾನು ಹತ್ತಿರಕ್ಕೆ ಸರಿದು ಕೂತೆ.

“ಆಮೇಲೆ?” ಅಂದೆ.

“ಆಮೇಲೆ ಅವ್ರು ಚೆಕ್ಕು ಕೊಡೋದು, ನೀವ್ ತಪ್ಪಿಸ್ಕಳೋದು.”

“ಆಮೇಲೇನಾಯ್ತು? ಹೇಳು.”

ಅವಳು ಇನ್ನೊಂದು ಹಪ್ಪಳಕ್ಕೆ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು. ನನ್ನ ಮುಖವನ್ನೂ, ಕೈಯಲ್ಲಿದ್ದ ಕಾಗದವನ್ನೂ, ಮತ್ತೆ ಮುಖವನ್ನೂ ನೋಡಿದಳು.

“ತಮಾಸೆ ಮಾಡ್ತಿದೀರ ತಾನೆ?” ಅಂದಳು.

ನಾನು ಇಲ್ಲ ಅಂದೆ.